ರೊಟ್ಟಿ ಬಡಿಯಾಕ ಜಾಗ ಎಲ್ಲೈತಿ?

ಬಸವ ಜಯಂತಿ ಬಂತೆಂದರೆ ಗದಗ ಸೀಮೆಯ ಹೊಸ ಲೇಔಟುಗಳಲ್ಲಿ ಗುದ್ದಲಿಗಳು ಏಳುತ್ತವೆ. ಸೈಟು ಸಿದ್ಧ, ಸಾಲ ಸಿದ್ಧ, ಮೊಬೈಲಿನಲ್ಲಿ ನಕ್ಷೆಯೂ ಸಿದ್ಧ. ಆದರೆ ಆ ನಕ್ಷೆಯಲ್ಲಿ ಅವ್ವ ಎಲ್ಲಿ ಕೂರುತ್ತಾಳೆ, ನೀರು ಎಲ್ಲಿ ನಿಲ್ಲುತ್ತದೆ, ಎರೆಮಣ್ಣು ಏನು ಮಾಡುತ್ತದೆ? ಗೋಡೆ ಏಳುವ ಮುನ್ನ, ಸುಣ್ಣದ ಗೆರೆ ಇರುವಾಗಲೇ ಕೇಳಬೇಕಾದ ಪ್ರಶ್ನೆಗಳಿವು.

ಸಂಜೆ ಐದೂವರೆ. ಗದಗಿನ ಹೊರಗೊಂದು ಹೊಸ ಲೇಔಟು. ಮೊನ್ನೆ ಮೊನ್ನೆಯವರೆಗೂ ಎರೆಹೊಲ. ಚರಂಡಿಯ ಅಂಚಿನಲ್ಲಿ ಹತ್ತಿಗಿಡಗಳು ಇನ್ನೂ ತಾವಾಗಿಯೇ ಹುಟ್ಟಿ ನಿಂತಿವೆ. ದೂರದಲ್ಲಿ ಕಪ್ಪತಗುಡ್ಡದ ಕಡೆಯ ಗಾಳಿಯಂತ್ರಗಳು ಸಾವಕಾಶ ತಿರುಗುತ್ತಿವೆ.

ಬೆಳಗಾದರೆ ಗುದ್ದಲಿ ಪೂಜೆ. ಗೌಂಡಿ ಮುನ್ನಾದಿನವೇ ಬಂದು ಗೂಟ ಬಡಿದು, ದೋರಿ ಕಟ್ಟಿ, ಸುಣ್ಣದ ಪುಡಿ ಚೆಲ್ಲಿ ನೆಲದ ಮೇಲೆ ಮನೆ ಬರೆದಿದ್ದಾರೆ. ಗೋಡೆಯಿಲ್ಲ, ಮಾಳಿಗೆಯಿಲ್ಲ, ಬರೀ ಬಿಳಿ ಗೆರೆ. ಮೊಮ್ಮಕ್ಕಳು ‘ಬಾಗಿಲಿ’ನಿಂದಲೇ ಒಳಗೆ ಬರಬೇಕೆಂದು ಜಗಳ ತೆಗೆದಿದ್ದಾರೆ.

ಸೊಸೆ ಮೊಬೈಲಿನ ನಕ್ಷೆ ನೋಡುತ್ತ ಒಂದೊಂದೇ ತೋರಿಸುತ್ತಿದ್ದಾಳೆ. ಇದು ಹಾಲ್, ಇದು ಬೆಡ್‌ರೂಮ್, ಇದು ಕಿಚನ್, ಇದು ಅಟ್ಯಾಚ್ಡ್ ಬಾತ್‌ರೂಮ್. ಎಪ್ಪತ್ತು ದಾಟಿದ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಿಚನ್ನಿನ ಗೆರೆ ದಾಟಿ ಒಳಗೆ ಹೋದರು. ಸುತ್ತ ನೋಡಿದರು. ಆಮೇಲೆ ನೆಲಕ್ಕೆ ಕೂತೇಬಿಟ್ಟರು. ಒಂದು ಕಾಲು ಮಡಚಿ, ಇನ್ನೊಂದು ಚಾಚಿ, ಮುಂದೆ ಪರಾತ ಇದ್ದಂತೆ ಕೈ ಆಡಿಸಿದರು. ಚಾಚಿದ ಕಾಲು ಸುಣ್ಣದ ಗೆರೆಯ ಆಚೆಗೆ ಹೋಯಿತು.

“ಎಲ್ಲಾ ಬರೋಬ್ಬರಿ ಐತಿ. ರೊಟ್ಟಿ ಬಡಿಯಾಕ ಜಾಗ ಎಲ್ಲೈತ್ರಿ ಗೌಂಡ್ಯಾರ?”

“ಈಗೆಲ್ಲಾ ಕಟ್ಟಿ ಮ್ಯಾಲ ನಿಂತ ಬಡೀತಾರ್ರೀ ಯವ್ವಾ.”

“ನಿಮ್ಮ ಮನ್ಯಾಗ?”

ಗೌಂಡಿ ಒಂದು ಗಳಿಗೆ ಸುಮ್ಮನಾದರು. “ನಮ್ಮ ಮನ್ಯಾಗ ಕುಂತ ಬಡೀತಾರ್ರೀ” ಎಂದು ನಕ್ಕರು. ಕಾಲಿನಿಂದ ಗೆರೆ ಅಳಿಸಿದರು. ಗೂಟ ಕಿತ್ತು ಒಂದೂವರೆ ಅಡಿ ಹಿಂದಕ್ಕೆ ಬಡಿದರು. ಖರ್ಚಾದದ್ದು ಒಂದು ಮುಷ್ಟಿ ಸುಣ್ಣ.

ಇದೇ ಒಂದೂವರೆ ಅಡಿಯನ್ನು ಗೋಡೆ ಎದ್ದ ಮೇಲೆ ಸರಿಸಬೇಕಾಗಿದ್ದರೆ? ಒಡೆಯುವ ಕೂಲಿ, ಹೊಸ ಇಟ್ಟಿಗೆ, ಮತ್ತೆ ಪ್ಲಾಸ್ಟರು, ನಡುವೆ ಮನೆಮಂದಿಯ ಮುನಿಸು. ಬಹಳಷ್ಟು ಮನೆಗಳಲ್ಲಿ ಯಾರೂ ಸರಿಸುವುದಿಲ್ಲ. ಅವ್ವ ಹೊಂದಿಕೊಳ್ಳುತ್ತಾಳೆ. ಮನೆ ನಾವು ಕಟ್ಟುವುದು ಒಮ್ಮೆ, ಹೊಂದಿಕೊಳ್ಳುವುದು ಜೀವಮಾನವಿಡೀ.

ಎಷ್ಟು ಖಣದ ಮನಿ?

ಪತ್ರಿಕೆಯಲ್ಲಿ ನೀವು ಓದುವ ‘ಅಂಕಣ’ ಮೂಲದಲ್ಲಿ ಮನೆಯ ಮಾತು. ಎರಡು ಕಂಬಗಳ ನಡುವಿನ ಜಾಗವೇ ಅಂಕಣ. ನಮ್ಮ ಕಡೆ ಅದಕ್ಕೆ ಖಣ ಎಂದೂ ಅನ್ನುತ್ತಾರೆ. ಕುಪ್ಪಸದ ಬಟ್ಟೆಗೂ ಖಣ, ಮನೆಯ ಅಳತೆಗೂ ಖಣ. ಹಿರಿಯರು ಚದರಡಿ ಕೇಳುತ್ತಿರಲಿಲ್ಲ, “ಎಷ್ಟು ಖಣದ ಮನಿ?” ಎನ್ನುತ್ತಿದ್ದರು.

ಆ ಲೆಕ್ಕದ ಹಿಂದೆ ಮರವಿತ್ತು. ಸಿಕ್ಕ ತೊಲೆ ಎಷ್ಟು ಉದ್ದವೋ ಕೋಣೆ ಅಷ್ಟೇ ಅಗಲ. ಎರಡು ಎತ್ತು ಕೊಂಡರೆ, ಮಗನಿಗೆ ಮದುವೆಯಾದರೆ, ಇನ್ನೊಂದು ಖಣ ಸೇರುತ್ತಿತ್ತು. ಮನೆ ಒಂದೇ ದಿನ ಮುಗಿಯುತ್ತಿರಲಿಲ್ಲ, ಸಂಸಾರದ ಜೊತೆಗೇ ಬೆಳೆಯುತ್ತಿತ್ತು.

ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರದ ಸುತ್ತಿನ ಹಳ್ಳಿಗಳಲ್ಲಿ ಇಂಥ ಮಾಳಿಗೆ ಮನೆಗಳು ಇನ್ನೂ ನಿಂತಿವೆ. ಹೊರಗೆ ಕೂರಲು ಕಟ್ಟೆ. ತಲಬಾಗಿಲು ದಾಟಿದರೆ ಮೊದಲು ಎದುರಾಗುವುದು ದನ. ಅವಕ್ಕೆ ಕೆಳಮಟ್ಟದ ನೆಲ, ಮೇವು ಹಾಕಲು ಗ್ವಾದಲಿ. ಅಲ್ಲಿಂದ ಎರಡು ಮೂರು ಅಡಿ ಎತ್ತರಕ್ಕೆ ಪಡಸಾಲೆ. ಅದರಾಚೆ ಅಡುಗೆಮನೆ, ದೇವರ ಜಗಲಿ, ಮೂಲೆಯಲ್ಲಿ ಬಚ್ಚಲು, ಹಿಂದೆ ಹಿತ್ತಲು.

ದನ ಮನೆಯೊಳಗೇಕೆ? ಎತ್ತು ಅಂದರೆ ಆ ಕಾಲದ ಬ್ಯಾಂಕು. ರಾತ್ರಿ ಕಣ್ಣಳತೆಯಲ್ಲಿ ಇರಬೇಕಿತ್ತು. ನೆಲದ ಏರಿಳಿತವೇ ಗೋಡೆಯ ಕೆಲಸ ಮಾಡುತ್ತಿತ್ತು. ಗಂಜಳ ಹೊರಕ್ಕೆ ಹರಿಯುತ್ತಿತ್ತು, ಪಡಸಾಲೆ ಒಣಗಿರುತ್ತಿತ್ತು. ಬಂದವರು ಎಲ್ಲಿಯವರೆಗೆ ಬರಬಹುದು ಎಂಬುದನ್ನು ಬಾಗಿಲು ಹೇಳುತ್ತಿರಲಿಲ್ಲ, ಮೆಟ್ಟಿಲು ಹೇಳುತ್ತಿತ್ತು.

ಪಡಸಾಲೆಯಂತೂ ಒಂದೇ ಕೋಣೆ, ಹತ್ತು ಕೆಲಸ. ಹಗಲು ಬೀಗರ ಮಾತುಕತೆ, ಸುಗ್ಗಿಯಲ್ಲಿ ಜೋಳದ ಚೀಲ, ಮದುವೆಯಲ್ಲಿ ಪಂಕ್ತಿ, ರಾತ್ರಿ ಹಾಸಿಗೆ. ಇಂದಿನ ಮನೆಯಲ್ಲಿ ಡೈನಿಂಗ್ ಹಾಲ್, ಗೆಸ್ಟ್ ರೂಮ್, ಸ್ಟೋರ್ ರೂಮ್ ಎಂದು ಮೂರು ಕಡೆ ಹಂಚಿಹೋಗಿರುವುದು ಅಂದಿನ ಒಂದೇ ಪಡಸಾಲೆ.

ಮೇಲೆ ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಮಣ್ಣು. ಪ್ರತಿ ವರ್ಷ ಮುಂಗಾರಿಗೆ ಮುನ್ನ ಮಾಳಿಗೆಗೆ ಕರಲು ಮಣ್ಣು ಹಾಕುವುದು ಮನೆಯ ಕೆಲಸ. ಉಪ್ಪಿನಂಶದ ಆ ಮಣ್ಣಿನಲ್ಲಿ ಹುಲ್ಲು ಬೆಳೆಯದು, ನೀರೂ ಸುಲಭಕ್ಕೆ ಇಳಿಯದು. ಎರಡಡಿ ದಪ್ಪದ ಗೋಡೆ, ನೆತ್ತಿಯ ಮೇಲೊಂದು ಬೆಳಕಿಂಡಿ. ಏಪ್ರಿಲ್ ಬಿಸಿಲಿನಲ್ಲೂ ಒಳಗೆ ತಂಪು.

ಹಾಗೆಂದು ಹಳೆಯ ಮನೆಯನ್ನು ಹಾಡಿ ಹೊಗಳುತ್ತ ಕೂರಬೇಕಿಲ್ಲ. ಆ ತಂಪಿನಲ್ಲೇ ಕತ್ತಲೂ ಇತ್ತು, ಒಲೆಯ ಹೊಗೆಯೂ ಇತ್ತು. ಬಾಣಂತಿಗೆ ಸಿಗುತ್ತಿದ್ದುದು ಗಾಳಿಯಾಡದ ಮೂಲೆಕೋಣೆ. ಶೌಚಕ್ಕೆ ಹೆಣ್ಣುಮಕ್ಕಳು ನಸುಕಿನಲ್ಲೇ ಎದ್ದು ಹೊಲದ ದಾರಿ ಹಿಡಿಯಬೇಕಿತ್ತು. ಎತ್ತಿಗೆ ಮನೆಯೊಳಗೆ ಜಾಗ ಮಾಡಿದವರು ಶೌಚಾಲಯವನ್ನು ಮರೆತಿದ್ದರು. ಹಳೆಯ ಮನೆಯಿಂದ ಕಲಿಯಬೇಕಾದದ್ದು ಮಣ್ಣನ್ನಲ್ಲ, ಕ್ರಮವನ್ನು: ಮನೆಯಲ್ಲಿ ನಡೆಯುವ ಕೆಲಸ ಮೊದಲು, ಕೋಣೆ ಆಮೇಲೆ.

ಬೆಟಗೇರಿಯ ನೇಕಾರರಿಗೆ ಇದು ಚೆನ್ನಾಗಿ ಗೊತ್ತಿತ್ತು. ಕುಣಿಮಗ್ಗದ ಮನೆಯಲ್ಲಿ ಮಗ್ಗ ಎಲ್ಲಿ ಕೂರುತ್ತದೆ ಎಂಬುದು ತೀರ್ಮಾನವಾದ ಮೇಲೆಯೇ ಉಳಿದ ಕೋಣೆಗಳ ಮಾತು. ನೇಯುವವನ ಕಾಲು ಕುಣಿಯೊಳಗೆ, ಬಟ್ಟೆ ನೆಲದ ಮಟ್ಟಕ್ಕೆ, ಕಿಟಕಿಯ ಬೆಳಕು ನೇರ ಹಾಸಿನ ಮೇಲೆ. ನೆಲದ ತಂಪಿಗೆ ಹತ್ತಿಯ ಎಳೆ ಹರಿಯುವುದೂ ಕಡಿಮೆ. ಒಂದು ಅಡಿ ಆಚೀಚೆಯಾದರೆ ಹೊಟ್ಟೆಪಾಡಿಗೇ ಕುತ್ತು.

> ದಂಬಳದ ನಕ್ಷತ್ರ
>
> ಗೂಟ ಮತ್ತು ದೋರಿಯಿಂದ ಏನೆಲ್ಲ ಬರೆಯಬಹುದು? ಮುಂಡರಗಿ ತಾಲ್ಲೂಕಿನ ದಂಬಳಕ್ಕೆ ಹೋಗಿ ನೋಡಿ. ಚಾಲುಕ್ಯರ ಕಾಲದ ದೊಡ್ಡಬಸಪ್ಪ ಗುಡಿಯ ಗರ್ಭಗೃಹದ ಹೊರಗೋಡೆ 24 ಮೂಲೆಗಳ ನಕ್ಷತ್ರ. ಒಂದು ಚೌಕವನ್ನು ಅದರ ನಡುಬಿಂದುವಿನ ಸುತ್ತ 15 ಡಿಗ್ರಿಯಂತೆ ತಿರುಗಿಸುತ್ತ ಹೋದರೆ, ಆರು ಚೌಕಗಳಾಗುವಷ್ಟರಲ್ಲಿ ಆ ಆಕಾರ ಬರುತ್ತದೆ.
>
> ಇಂದಿನ ಗೌಂಡಿಯ ಉಪಾಯ ಇನ್ನೂ ಸರಳ. ಮೂಲೆಯಿಂದ ಒಂದು ಬದಿಗೆ 3 ಅಡಿ, ಇನ್ನೊಂದು ಬದಿಗೆ 4 ಅಡಿ ಗುರುತು ಮಾಡಿ. ಆ ಎರಡು ಗುರುತುಗಳ ನಡುವೆ ಸರಿಯಾಗಿ 5 ಅಡಿ ಇದ್ದರೆ ಮೂಲೆ ನೆಟ್ಟಗಿದೆ. ಸುಣ್ಣದ ಗೆರೆಯನ್ನು ನೀವೇ ಹೀಗೆ ಪರೀಕ್ಷಿಸಬಹುದು.

ಕಾಗೆ ಸಿಂಹವಾಗುವ ಲೆಕ್ಕ

ಬಸವ ಜಯಂತಿ ವೈಶಾಖ ಶುದ್ಧ ತದಿಗೆ. ಅಂದೇ ಅಕ್ಷಯ ತೃತೀಯ, ಪಂಚಾಂಗ ತೆರೆಯದೆಯೂ ಕೆಲಸ ಶುರುಮಾಡಬಹುದು ಎಂಬ ನಂಬಿಕೆಯ ದಿನ. ಮುಹೂರ್ತವನ್ನೇ ಒಪ್ಪದ ಶರಣರ ಹುಟ್ಟುಹಬ್ಬದ ದಿನವೇ ಮುಹೂರ್ತ ಹುಡುಕುವವರಿಗೂ ಒದಗಿ ಬಂದಿದೆ. ಗದಗಿನಲ್ಲಿ ಇಬ್ಬರೂ ಅಂದು ಸಂತೋಷದಿಂದ ಗುದ್ದಲಿ ಹಿಡಿಯುತ್ತಾರೆ.

ಮುಹೂರ್ತ ಬಿಟ್ಟವರೂ ಸಾಮಾನ್ಯವಾಗಿ ‘ಆಯ’ ಬಿಡುವುದಿಲ್ಲ. ರೂಢಿಯ ಒಂದು ಲೆಕ್ಕ ಹೀಗಿದೆ: ಮನೆಯ ಉದ್ದವನ್ನು ಅಗಲದಿಂದ ಗುಣಿಸಿ 8ರಿಂದ ಭಾಗಿಸಿ. ಉಳಿದ ಶೇಷವೇ ಆಯ. ಧ್ವಜ, ಧೂಮ, ಸಿಂಹ, ಶ್ವಾನ, ವೃಷಭ, ಖರ, ಗಜ, ಕಾಕ ಎಂದು ಎಂಟು. ಬೆಸ ಸಂಖ್ಯೆಯವು ಶುಭ, ಸಮ ಸಂಖ್ಯೆಯವು ಅಶುಭ. ಶೇಷ ಸೊನ್ನೆ ಬಂದರೆ ಕಾಕಾಯ, ಅಂದರೆ ಕಾಗೆ.

ಈಗ ಎಲ್ಲ ಲೇಔಟುಗಳ ಮುದ್ದಿನ ಅಳತೆ 30×40 ತೆಗೆದುಕೊಳ್ಳಿ. ಗುಣಲಬ್ಧ 1200. ಎಂಟರಿಂದ ಭಾಗಿಸಿದರೆ ಶೇಷ ಸೊನ್ನೆ. ಸುತ್ತ ಜಾಗ ಬಿಟ್ಟು 24×34ರ ಮನೆ ಕಟ್ಟಿದರೆ 816. ಮತ್ತೆ ಸೊನ್ನೆ, ಮತ್ತೆ ಕಾಗೆ. ಎರಡೂ ಕಡೆ ಒಂದೊಂದು ಅಡಿ ಹೆಚ್ಚಿಸಿ 25×35 ಮಾಡಿದರೆ 875, ಶೇಷ 3. ಕಾಗೆ ಸಿಂಹವಾಯಿತು!

ಕೈಲೆಕ್ಕವೋ ಅಡಿಲೆಕ್ಕವೋ, ಒಳ ಅಳತೆಯೋ ಹೊರ ಅಳತೆಯೋ ಎಂಬಲ್ಲಿ ಪಂಡಿತರಲ್ಲೇ ಒಮ್ಮತವಿಲ್ಲ. ನಂಬುವವರು ನಂಬಲಿ. ಆದರೆ ಆಯಕ್ಕಾಗಿ ಅರ್ಧ ಅಡಿ ಕಡಿಮೆ ಮಾಡುವಾಗ ಅದು ಯಾರ ಕೋಣೆಯಿಂದ ಹೋಯಿತು ಎಂದು ನೋಡಿ. ಬಹುತೇಕ ಅದು ಹಾಲ್‌ನಿಂದ ಹೋಗಿರುವುದಿಲ್ಲ. ಅಡುಗೆಮನೆಯಿಂದಲೋ ಬಚ್ಚಲಿನಿಂದಲೋ ಹೋಗಿರುತ್ತದೆ.

ದಿಕ್ಕಿನ ಮಾತಿನಲ್ಲಿ ಮಾತ್ರ ಹಿರಿಯರ ಅನುಭವಕ್ಕೆ ಬೆಲೆ ಕೊಡಬೇಕು. ಅಡುಗೆಮನೆ ಆಗ್ನೇಯಕ್ಕೆ ಎಂದರು. ಬೆಳಗಿನ ಎಳೆಬಿಸಿಲು ಅಲ್ಲಿ ಬೀಳುತ್ತದೆ. ಮಳೆಗಾಲದಲ್ಲಿ ಪಶ್ಚಿಮದಿಂದ ಬೀಸುವ ಗಾಳಿ ಹೊಗೆ, ಒಗ್ಗರಣೆಯ ಘಾಟನ್ನು ಮನೆಯಿಂದ ಆಚೆಗೆ ಒಯ್ಯುತ್ತದೆ. ಆದರೆ ಯಜಮಾನನ ಕೋಣೆ ನೈರುತ್ಯಕ್ಕೆ ಎಂಬ ಮಾತು ದಪ್ಪ ಮಣ್ಣುಗೋಡೆಗೆ ಒಪ್ಪುತ್ತಿತ್ತು. ತೆಳುವಾದ ಇಟ್ಟಿಗೆ ಗೋಡೆ, ಮೇಲೆ ಕಾಂಕ್ರೀಟ್ ಸ್ಲ್ಯಾಬು ಇದ್ದರೆ ಮಧ್ಯಾಹ್ನವಿಡೀ ಕಾದ ಅದೇ ಕೋಣೆ ರಾತ್ರಿ ಹನ್ನೊಂದಕ್ಕೂ ಬೆಚ್ಚಗೇ ಇರುತ್ತದೆ.

ಗದಗ ಇರುವುದು ಸುಮಾರು 15.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದ ಹೊತ್ತಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಆಮೇಲೆ ಆಗಸ್ಟ್ ಎರಡನೇ ವಾರದವರೆಗೆ ಮಧ್ಯಾಹ್ನದ ಬಿಸಿಲು ಉತ್ತರದ ಕಡೆಯಿಂದ. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ಬಹಳ ಇಳಿದು ಓರೆಯಾಗಿ ಬೀಳುತ್ತದೆ. ದಕ್ಷಿಣದ ಕಿಟಕಿಗೆ ಎರಡಡಿಯ ಸಜ್ಜಾ ಇದ್ದರೆ ಬೇಸಿಗೆಯ ಬಿಸಿಲು ಹೊರಗೆ, ಚಳಿಗಾಲದ ಬಿಸಿಲು ಒಳಗೆ. ಪಶ್ಚಿಮದ ಇಳಿಬಿಸಿಲಿಗೆ ಮಾತ್ರ ಸಜ್ಜಾ ಸಾಲದು. ಆ ಕಡೆ ಮೆಟ್ಟಿಲು, ಬಚ್ಚಲು, ಸಾಮಾನಿನ ಕೋಣೆ, ಇಲ್ಲವೇ ಗೋಡೆಯುದ್ದಕ್ಕೂ ಕಪಾಟು ಇಟ್ಟರೆ ಅವೇ ಬಿಸಿಲು ತಡೆಯುತ್ತವೆ.

ಎರೆಯ ಉಸಿರಾಟ

ಮನೆಯ ನಕ್ಷೆ ಕಾಗದದಲ್ಲಿ ಶುರುವಾಗುವುದಿಲ್ಲ, ಗುಂಡಿಯಲ್ಲಿ ಶುರುವಾಗುತ್ತದೆ. ಸೈಟಿನ ಮೂಲೆಯಲ್ಲಿ ಒಂದು ಗುಂಡಿ ತೋಡಿಸಿ, ಮಣ್ಣು ನೋಡಿ.

ಈ ಜಿಲ್ಲೆಯಲ್ಲಿ ಕಪ್ಪು ಎರೆಯೂ ಇದೆ, ಕೆಂಪು ಮಸಾರಿಯೂ ಇದೆ. ಮಸಾರಿಯಲ್ಲಿ ಕಟ್ಟುವವನಿಗೆ ಅಷ್ಟು ಚಿಂತೆಯಿಲ್ಲ. ಹತ್ತಿ, ಕಡಲೆ, ಬಿಳಿಜೋಳಕ್ಕೆ ಬಂಗಾರದಂಥ ಎರೆಭೂಮಿ ಮನೆಗೆ ಮಾತ್ರ ಮೊಂಡು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಎರೆಹೊಲದ ಬಿರುಕಿಗೆ ಕೈ ಇಳಿಬಿಟ್ಟವರಿಗೆ ಇದನ್ನು ವಿವರಿಸಬೇಕಿಲ್ಲ. ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಖನಿಜ ತನ್ನ ಪದರಗಳ ನಡುವೆ ನೀರು ಹಿಡಿದುಕೊಳ್ಳುವುದೇ ಇದಕ್ಕೆ ಕಾರಣ.

ವರ್ಷಕ್ಕೊಮ್ಮೆ ಉಸಿರೆಳೆದು ಬಿಡುವ ಈ ನೆಲದ ಮೇಲೆ ಎರಡಡಿ ಪಾಯ ಹಾಕಿದರೆ ಏನಾಗುತ್ತದೆ? ಮೂರನೇ ವರ್ಷ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ. ಬಾಗಿಲು ಮಳೆಗಾಲದಲ್ಲಿ ಹಾಕಿಕೊಳ್ಳುವುದಿಲ್ಲ, ಬೇಸಿಗೆಯಲ್ಲಿ ತಾನಾಗಿ ತೆರೆದುಕೊಳ್ಳುತ್ತದೆ. ದೋಷ ವಾಸ್ತುವಿನದಲ್ಲ, ಮಣ್ಣಿನದು.

ಅನುಭವಿ ಗೌಂಡಿಗಳ ಮಾತು ಒಂದೇ: “ಗರಸು ಸಿಗೂತನಕ ತೋಡ್ರಿ.” ಎರೆಯ ಪದರ ತೆಳುವಾಗಿದ್ದರೆ ಅದನ್ನು ತೆಗೆದು ಗಟ್ಟಿ ಗರಸಿನ ಮೇಲೆ ಪಾಯ ನಿಲ್ಲಿಸಬಹುದು, ಒಳಗೆ ಗರಸು ತುಂಬಿ ದಮ್ಮಸ್ಸು ಮಾಡಬಹುದು. ಆಳವಾಗಿದ್ದರೆ ಕಾಲಮ್ಮು, ಪ್ಲಿಂತ್ ಬೀಮು ಬೇಕು. ತೀರಾ ಆಳದ ಎರೆಗೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬಲ್ಬಿನಂತೆ ಬುಡ ಉಬ್ಬಿದ ‘ಅಂಡರ್ ರೀಮ್ಡ್ ಪೈಲ್’ ರೂಪಿಸಿ ದಶಕಗಳಾದವು. ತೇವ ಏರಿಳಿಯುವ ಪದರದ ಕೆಳಗೆ, ಸುಮಾರು 3.5 ಮೀಟರ್ ಆಳದಲ್ಲಿ ಅದು ಹಿಡಿದು ನಿಲ್ಲುತ್ತದೆ. ಇದನ್ನು ನಿರ್ಧರಿಸಬೇಕಾದವರು ಎಂಜಿನಿಯರ್; ಅವರ ಶುಲ್ಕ ಬಾಗಿಲಿನ ಕೆತ್ತನೆಗಿಂತ ಹೆಚ್ಚೇನೂ ಆಗದು.

ಎರೆಯ ಈ ಸ್ವಭಾವಕ್ಕೂ ಮನೆಯ ನಕ್ಷೆಗೂ ನಂಟಿದೆ. ಬಚ್ಚಲು, ಶೌಚಾಲಯ, ಅಡುಗೆಮನೆ ಹತ್ತಿರ ಹತ್ತಿರ ಇದ್ದರೆ ನೀರಿನ ಕೊಳವೆ ಒಂದೇ ಬದಿಗೆ ಇರುತ್ತದೆ. ನಾಲ್ಕು ಮೂಲೆಗೆ ನಾಲ್ಕು ಬಚ್ಚಲು ಇಟ್ಟರೆ ನಾಲ್ಕು ಕಡೆ ಸೋರುವ ಅವಕಾಶ. ಸೋರಿದಲ್ಲೆಲ್ಲ ಎರೆ ಉಬ್ಬುತ್ತದೆ. ಮನೆಯ ಸುತ್ತ ಮೂರಡಿ ಫರಸಿಯನ್ನು ಹೊರಕ್ಕೆ ಇಳಿಜಾರಾಗಿ ಹಾಸಿ. ದೊಡ್ಡ ಮರವನ್ನು ಪಾಯದ ಪಕ್ಕ ನೆಡಬೇಡಿ. ಅದು ನೀರು ಹೀರಿದ ಕಡೆ ನೆಲ ಕುಗ್ಗುತ್ತದೆ.

> ಸ್ಮಾರಕದ ನೆರೆಯಲ್ಲಿ ಮನೆಯೆ?
>
> ಲಕ್ಕುಂಡಿ, ದಂಬಳದಂಥ ಊರುಗಳಲ್ಲಿ ಓಣಿಗೊಂದು ಗುಡಿ. ಕೇಂದ್ರ ಸರ್ಕಾರ ಸಂರಕ್ಷಿಸಿದ ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸ ಮನೆ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರ್‌ ನಿಯಂತ್ರಿತ ಪ್ರದೇಶ. ಅಲ್ಲಿ ಕಟ್ಟಲು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಒಪ್ಪಿಗೆ ಬೇಕು. ಸೈಟು ಕೊಳ್ಳುವ ಮುನ್ನ ಈ ದೂರ ಅಳೆಯಿಸಿ. ಪಾಯ ತೋಡುವಾಗ ಶಾಸನ, ವೀರಗಲ್ಲು ಸಿಕ್ಕರೆ ಒಡೆಯದೆ ಅಧಿಕಾರಿಗಳಿಗೆ ತಿಳಿಸಿ.

ಮೊದಲ ಕೋಣೆ ಹೌದ

ಗದಗ-ಬೆಟಗೇರಿಯವರಿಗೆ ‘ನಿಮ್ಮಲ್ಲಿ ನೀರು ಯಾವಾಗ ಬಂತು’ ಎಂಬುದು ‘ಊಟ ಆಯ್ತಾ’ ಎಂಬಷ್ಟೇ ಸಹಜ ಪ್ರಶ್ನೆ. ತುಂಗಭದ್ರೆ ಜಿಲ್ಲೆಯ ಅಂಚಿನಲ್ಲೇ ಹರಿದರೂ ನಲ್ಲಿಗೆ ದಿನಗಟ್ಟಲೆ ಕಾದ ಊರಿದು. ಕಾದ ದಿನಗಳ ಲೆಕ್ಕದಲ್ಲೇ ಇಲ್ಲಿ ಪ್ರತಿ ಮನೆಯ ಕೊಡ, ಡ್ರಮ್ಮು, ಟಾಕಿಗಳ ಸಂಖ್ಯೆ ನಿಶ್ಚಯವಾಗಿದೆ.

ಆದ್ದರಿಂದ ಈ ಸೀಮೆಯಲ್ಲಿ ಮನೆಯ ಮೊದಲ ಕೋಣೆ ಹಾಲ್ ಅಲ್ಲ, ನೆಲದಡಿಯ ನೀರಿನ ಹೌದ. ಐದು ಜನರ ಮನೆಗೆ ತಲೆಗೆ ದಿನಕ್ಕೆ 100 ಲೀಟರಿನಂತೆ 15 ದಿನಕ್ಕೆ 7,500 ಲೀಟರ್ ಬೇಕು. 8 ಅಡಿ ಉದ್ದ, 6 ಅಡಿ ಅಗಲ, ಐದೂವರೆ ಅಡಿ ನೀರು ನಿಲ್ಲುವ ಆಳ ಇದ್ದರೆ ಇಷ್ಟು ನೀರು ಹಿಡಿಸುತ್ತದೆ. ಇದು ಒಂದು ಸಣ್ಣ ಕೋಣೆಯ ಗಾತ್ರ. ಮೊದಲೇ ಜಾಗ ಇಡದಿದ್ದರೆ ಆಮೇಲೆ ಎಲ್ಲಿಯೂ ಸಿಗದು.

ಇನ್ನು ಮಳೆ. ಇಲ್ಲಿ ವರ್ಷಕ್ಕೆ ಬೀಳುವುದು ಸರಿಸುಮಾರು 600 ಮಿಲಿಮೀಟರ್. ಕಡಿಮೆ ಎನಿಸಬಹುದು. ಆದರೆ ಅದರ ಅರ್ಥ, ನಿಮ್ಮ ಮಾಳಿಗೆಯ ಮೇಲೆ ವರ್ಷದಲ್ಲಿ ಎರಡಡಿ ನೀರು ಸುರಿಯುತ್ತದೆ ಎಂದು. 1000 ಚದರಡಿಯ ಮಾಳಿಗೆಗೆ ಅದು ಸುಮಾರು 55,000 ಲೀಟರ್. ಚೆಲ್ಲಿದ್ದು, ಆರಿದ್ದು ಕಳೆದರೂ 40,000 ಲೀಟರಿಗೆ ಮೋಸವಿಲ್ಲ. ಮಾಳಿಗೆಯ ಇಳಿಜಾರು, ಕೊಳವೆಯ ಬಾಯಿ, ಸೋಸುವ ತೊಟ್ಟಿ ಮೂರೂ ಒಂದೇ ಮೂಲೆಗೆ ಬರುವಂತೆ ನಕ್ಷೆಯಲ್ಲೇ ಬರೆಸಿ. ಎರೆಮಣ್ಣಿನಲ್ಲಿ ನೀರು ಇಂಗುವುದು ನಿಧಾನ. ಪಾಯದ ಪಕ್ಕ ಇಂಗುಗುಂಡಿ ತೋಡುವುದಕ್ಕಿಂತ ತುಂಬಿಟ್ಟುಕೊಳ್ಳುವುದೇ ಜಾಣತನ.

ಗದಗಿನಿಂದ ಹನ್ನೆರಡು ಕಿಲೋಮೀಟರ್ ಆಸುಪಾಸಿನಲ್ಲಿರುವ ಲಕ್ಕುಂಡಿಗೆ ನೂರೊಂದು ಗುಡಿ, ನೂರೊಂದು ಬಾವಿ ಎಂಬ ಮಾತಿದೆ. ಗುಡಿಯ ಜೊತೆಗೆ ಬಾವಿಯನ್ನೂ ಎಣಿಸಿದವರ ನೆಲವಿದು. ಅಲ್ಲಿನ ಮುಸುಕಿನ ಬಾವಿ ಮಾಣಿಕೇಶ್ವರ ಗುಡಿಗೇ ಅಂಟಿಕೊಂಡಿದೆ. ದೇವರ ಮನೆಯ ನಕ್ಷೆಯಲ್ಲೇ ನೀರಿಗೆ ಜಾಗವಿತ್ತು.

ನಿಂತ ಕಟ್ಟೆ, ಕೂತ ಕಟ್ಟೆ

ಮತ್ತೆ ರೊಟ್ಟಿಗೆ ಬರೋಣ. ಕಿಚನ್ ಕಟ್ಟೆಯ ಎತ್ತರ ಈಗ ಸಾಮಾನ್ಯವಾಗಿ 32ರಿಂದ 34 ಇಂಚು. ಸೊಪ್ಪು ಹೆಚ್ಚಲು, ಸಾರು ಕುದಿಸಲು ಅದು ಸರಿ. ಜೋಳದ ರೊಟ್ಟಿಯ ವಿಷಯ ಬೇರೆ. ಹಿಟ್ಟನ್ನು ಅಂಗೈಯಿಂದ ನಾದಬೇಕು, ಮೇಲಿನಿಂದ ಬಡಿಯಬೇಕು, ಬಡಿಯುತ್ತಲೇ ತಿರುಗಿಸಬೇಕು. ಆ ಎತ್ತರದ ಕಟ್ಟೆಯ ಮೇಲೆ ಇಪ್ಪತ್ತು ರೊಟ್ಟಿ ಬಡಿದರೆ ಭುಜ ಮಾತಾಡುತ್ತದೆ. ಹಬ್ಬಕ್ಕೆ ನೂರು ಖಡಕ್ ರೊಟ್ಟಿ ಮಾಡುವ ಮನೆಯಲ್ಲಂತೂ ಹೇಳುವುದೇ ಬೇಡ.

ಪರಿಹಾರ ದುಬಾರಿಯದಲ್ಲ. ಅಡುಗೆಮನೆಯ ಒಂದು ಬದಿಗೆ ಐದಡಿಗೆ ನಾಲ್ಕಡಿ ಜಾಗ ಬಿಡಿ. ಕೂತು ಕಾಲು ಚಾಚಲು ಅಷ್ಟು ಸಾಕು. ಕೆಳಗೊಂದು ಕಡಪಾ ಕಲ್ಲು, ಗ್ಯಾಸಿನ ಎರಡನೇ ಕೊಳವೆ. ನಿಂತು ಬಡಿಯುವವರಿದ್ದರೆ 28 ಇಂಚಿನ ತಗ್ಗು ಕಟ್ಟೆ ಮಾಡಿ. ಒಂದು ಎಚ್ಚರ ಮಾತ್ರ ಇರಲಿ: ಸಿಲಿಂಡರಿನ ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಡುತ್ತದೆ. ಕೆಳಗೆ ಒಲೆ ಇದ್ದಲ್ಲಿ ನೆಲದ ಮಟ್ಟಕ್ಕೇ ಹೊರಗೋಡೆಯಲ್ಲೊಂದು ಜಾಲರಿ ಕಿಂಡಿ ಇರಲೇಬೇಕು.

ರೊಟ್ಟಿಯಂತೆಯೇ ಉಳಿದವೂ. ಬೇಸಿಗೆಯಲ್ಲಿ ಶ್ಯಾವಿಗೆ, ಸಂಡಿಗೆ, ಕೆಂಪು ಮೆಣಸಿನಕಾಯಿ ಒಣಗುವುದೆಲ್ಲಿ? ಮಾಳಿಗೆಗೆ ಹೋಗಲು ಬರೀ ಕಬ್ಬಿಣದ ಏಣಿ ಇಟ್ಟರೆ ಮೊರ ಹಿಡಿದು ಹತ್ತುವವರು ಯಾರು? ಊರಿನ ಹೊಲದಿಂದ ಬರುವ ಜೋಳ, ಶೇಂಗಾ, ಉಳ್ಳಾಗಡ್ಡಿಯ ಚೀಲ ಎಲ್ಲಿ? ಉಳ್ಳಾಗಡ್ಡಿಗೆ ಗಾಳಿ ಬೇಕು, ಜೋಳಕ್ಕೆ ತೇವ ಆಗದು. ಎರಡನ್ನೂ ಒಂದೇ ಕಪಾಟಿಗೆ ತುರುಕಲಾಗದು. ಹಿಂದೆ ಜೋಳಕ್ಕೆ ನೆಲದಡಿ ಹಗೇವು ಇತ್ತು. ಈಗ ಮೆಟ್ಟಿಲ ಕೆಳಗಿನ ಜಾಗವೇ ಹಗೇವು. ಅಲ್ಲಿಗೊಂದು ಕಿಂಡಿ, ನೆಲಕ್ಕೆ ನಾಲ್ಕು ಇಂಚಿನ ಕಟ್ಟೆ ಹಾಕಿಸಿದರೆ ಚೀಲಕ್ಕೆ ತೇವ ತಟ್ಟದು.

ನನ್ನದೇ ಮನೆಯ ಕಥೆ ಹೇಳಬೇಕೆಂದರೆ, ಮಲಗುವ ಕೋಣೆಯ ಸ್ವಿಚ್ ಬೋರ್ಡು ಬಾಗಿಲ ಹಿಂದೆ ಇದೆ. ನಕ್ಷೆಯಲ್ಲಿ ಬಾಗಿಲು ಯಾವ ಕಡೆ ತೆರೆಯುತ್ತದೆಂದು ಕೇಳಲು ನಾನೇ ಮರೆತೆ. ಹದಿನೈದು ವರ್ಷದಿಂದ ದಿನವೂ ಕತ್ತಲಲ್ಲಿ ಒಳಹೊಕ್ಕು, ಬಾಗಿಲು ಹಾಕಿ, ಆಮೇಲೆ ದೀಪ ಹಚ್ಚುತ್ತಿದ್ದೇನೆ.

> ಕಿಸೆಯಲ್ಲಿರಲಿ ಈ ಅಳತೆ
>
> ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವ ಕನಿಷ್ಠ ಅಳತೆಗಳಿವು. ಇವಕ್ಕಿಂತ ಕಡಿಮೆ ಬೇಡ.
>
> • ಮುಖ್ಯ ಕೋಣೆ: 9.5 ಚದರ ಮೀಟರ್ (ಸುಮಾರು 102 ಚದರಡಿ), ಅಗಲ 2.4 ಮೀಟರ್
>
> • ಅಡುಗೆಮನೆ: 5 ಚದರ ಮೀಟರ್ (ಸುಮಾರು 54 ಚದರಡಿ)
>
> • ಬಚ್ಚಲು ಮತ್ತು ಶೌಚಾಲಯ ಒಟ್ಟಿಗೆ: 2.8 ಚದರ ಮೀಟರ್ (ಸುಮಾರು 30 ಚದರಡಿ)
>
> • ಕೋಣೆಯ ಎತ್ತರ: 2.75 ಮೀಟರ್ (9 ಅಡಿ)
>
> • ಮೆಟ್ಟಿಲು: ಎತ್ತರ ಏಳೂವರೆ ಇಂಚು ಮೀರಬಾರದು, ಕಾಲಿಡುವ ಅಗಲ 10 ಇಂಚಿಗೆ ಕಡಿಮೆ ಇರಬಾರದು
>
> • ಗಾಲಿಕುರ್ಚಿಯ ಇಳಿಜಾರು: ಒಂದು ಅಡಿ ಏರಲು 12 ಅಡಿ ಉದ್ದ

ಇಪ್ಪತ್ತು ವರ್ಷದಾಚೆಯ ಮನೆ

ನಕ್ಷೆ ಬರೆಸುವಾಗ ಎಲ್ಲರೂ ಇಂದಿನ ವಯಸ್ಸಿನಲ್ಲೇ ಇರುತ್ತಾರೆ. ಮನೆ ಮಾತ್ರ ಅವರನ್ನು ಮುದುಕರಾಗಿಯೂ ನೋಡುತ್ತದೆ. ಕೆಳಮನೆಯಲ್ಲಿ ಒಂದು ಮಲಗುವ ಕೋಣೆ, ಅದರ ಪಕ್ಕದಲ್ಲೇ ಶೌಚಾಲಯ ಬೇಕು. ಅಲ್ಲಿಗೆ ಹೊಸ್ತಿಲಿಲ್ಲದ ಮೂರಡಿ ಅಗಲದ ಬಾಗಿಲು, ಗೋಡೆಗೊಂದು ಹಿಡಿಕೆ. ನೆಲಕ್ಕೆ ಹೊಳೆಯುವ ಟೈಲ್ಸ್ ಬೇಡ. ಒದ್ದೆ ಕಾಲು ಜಾರಿದ ಮೇಲೆ ಅದರ ಹೊಳಪು ಯಾರಿಗೂ ಕಾಣದು.

ಇನ್ನೊಂದು ಪ್ರಶ್ನೆಯನ್ನು ಗುದ್ದಲಿ ಪೂಜೆಯ ದಿನ ಯಾರೂ ಎತ್ತುವುದಿಲ್ಲ. ನಾಳೆ ಅಣ್ಣತಮ್ಮಂದಿರು ಪಾಲು ಕೇಳಿದರೆ? ಅಪಶಕುನದ ಮಾತಲ್ಲ ಇದು, ಅನುಭವದ ಮಾತು. ಹಳೆಯ ಮನೆಗಳಲ್ಲಿ ಪಡಸಾಲೆಯ ನಡುವೆಯೇ ಗೋಡೆ ಎದ್ದು, ಅರ್ಧ ಜಗಲಿ ಆ ಕಡೆ, ಅರ್ಧ ಈ ಕಡೆ ಆದದ್ದನ್ನು ಊರೂರಲ್ಲಿ ಕಾಣಬಹುದು. ಮೆಟ್ಟಿಲನ್ನು ಹಾಲ್ ನಡುವೆ ಇಡದೆ ಮುಂಬಾಗಿಲಿನ ಪಕ್ಕ ಇಟ್ಟರೆ ಮೇಲಿನ ಅಂತಸ್ತು ನಾಳೆ ತಮ್ಮನಿಗೂ ಆದೀತು, ಬಾಡಿಗೆಗೂ ಆದೀತು. ಮೇಲೆ ಕಟ್ಟುವ ಆಸೆಯಿದ್ದರೆ ಕಾಲಮ್ಮು, ಪಾಯದ ಲೆಕ್ಕ ಇಂದೇ ಆಗಬೇಕು. ಕಬ್ಬಿಣದ ಸರಳು ಮೇಲೆ ಚಾಚಿ ಬಿಟ್ಟಷ್ಟಕ್ಕೆ ಪಾಯಕ್ಕೆ ಬಲ ಬರುವುದಿಲ್ಲ.

ಕಟ್ಟಡ ಪರವಾನಗಿ ತಪ್ಪಿಸಿಕೊಳ್ಳುವ ಕಾಗದವಲ್ಲ. ಅದನ್ನು ಕೊಡುವುದು ಗದಗ-ಬೆಟಗೇರಿಯಲ್ಲಿ ನಗರಸಭೆ, ಲಕ್ಷ್ಮೇಶ್ವರ, ಮುಂಡರಗಿಯಲ್ಲಿ ಪುರಸಭೆ, ಶಿರಹಟ್ಟಿಯಲ್ಲಿ ಪಟ್ಟಣ ಪಂಚಾಯಿತಿ. ಉತಾರ, ಎನ್‌.ಎ. (ಕೃಷಿಯೇತರ) ಆದೇಶ, ಲೇಔಟಿನ ಮಂಜೂರಾತಿ ಮೂರೂ ಕೈಯಲ್ಲಿದ್ದರೆ ಮಾತ್ರ ಮುಂದಿನ ಹೆಜ್ಜೆ. ಸುತ್ತ ಬಿಡಬೇಕಾದ ಜಾಗವನ್ನು ‘ನಷ್ಟ’ ಎಂದು ನುಂಗುವವರು ಮುಂದೆ ಗಾಳಿಗಾಗಿ ಕರೆಂಟು ಬಿಲ್ಲು ಕಟ್ಟುತ್ತಾರೆ.

ಗೆರೆಯೊಳಗೆ ಒಂದು ಸಂಜೆ

ಗೌಂಡಿ ಸುಣ್ಣ ಚೆಲ್ಲಿ ಹೋದ ಮೇಲೆ, ಗುದ್ದಲಿ ಬೀಳುವ ಮುನ್ನ, ಒಂದು ಸಂಜೆ ಆ ಗೆರೆಗಳೊಳಗೆ ಸಂಸಾರ ಮಾಡಿ ನೋಡಿ. ಬೆಳಗ್ಗೆ ಐದಕ್ಕೆ ಎದ್ದವರು ಯಾರನ್ನೂ ಎಬ್ಬಿಸದೆ ಬಚ್ಚಲಿಗೆ ಹೋಗಬಹುದೇ? ಹಾಲಿನವನು ಕೂಗಿದರೆ ಅಡುಗೆಮನೆಯಿಂದ ಬಾಗಿಲಿಗೆ ಎಷ್ಟು ಹೆಜ್ಜೆ? ಮಂಚದ ಅಳತೆಗೆ ಹಳೆಯ ಸೀರೆ ಹಾಸಿ. ಸುತ್ತ ನಡೆಯಲು ಎರಡಡಿ ಉಳಿಯಿತೇ? ಬೀಗರು ಹಾಲ್‌ನಲ್ಲಿ ಕೂತಾಗ ಶೌಚಾಲಯದ ಬಾಗಿಲು ಅವರ ಕಣ್ಣಿಗೇ ಬೀಳುತ್ತದೆಯೇ? ಓದುವ ಹುಡುಗಿಗೆ ಟಿವಿಯ ಸದ್ದು ಕೇಳದ ಮೂಲೆ ಇದೆಯೇ? ಸೈಕಲ್ಲು, ಬೈಕು, ಚಪ್ಪಲಿ, ಒದ್ದೆ ಕೊಡೆ ಎಲ್ಲಿ ನಿಲ್ಲುತ್ತವೆ?

ಉತ್ತರ ಸಿಗದ ಕಡೆ ಕಾಲಿನಿಂದ ಗೆರೆ ಅಳಿಸಿ. ಮತ್ತೆ ಎಳೆಯಿರಿ.

ಆ ಸಂಜೆ ಬರೀ ಮೊಬೈಲು, ಟೇಪು ಒಯ್ದರೆ ಸಾಲದು. ಆ ಮನೆಯಲ್ಲಿ ದಿನದ ಅತಿ ಹೆಚ್ಚು ಹೊತ್ತು ಇರಬೇಕಾದವರನ್ನು ಕರೆದೊಯ್ಯಿರಿ. ಅವರು ಎಲ್ಲಿ ಕೂರುತ್ತಾರೋ ಅಲ್ಲಿಂದ ಅಳತೆ ಶುರುಮಾಡಿ.